ಮಣ್ಣು ಅಗೆದ ಗುಡ್ಡಕ್ಕೆ ಕಾಡು ಕೊಟ್ಟ ಕುಂಬಾರ

ಕೇಳುಗರಿಗೆ ನಮಸ್ಕಾರ.

ಬ್ಯಾರಿ ಬ್ರಿಕೆಲ್ ನ್ಯೂಜಿಲೆಂಡಿನ ಕುಂಬಾರ. ಅವರು ಬಾಳಿದ ಊರು ಕೋರಮಂಡಲ್. 1820ರಲ್ಲಿ ಇದೇ ಹೆಸರಿನ ಬ್ರಿಟಿಷ್ ನೌಕೆಯೊಂದು ಹಾಯಿಕಂಬಕ್ಕಾಗಿ ಕೌರಿ ಮರಗಳನ್ನು ಅರಸಿ ಅಲ್ಲಿಗೆ ಬಂದಿತ್ತು. ಆಮೇಲೆ ಮರದ ವ್ಯಾಪಾರ, ಚಿನ್ನದ ಗಣಿ, ಬೆಂಕಿ ಎಲ್ಲವೂ ಸೇರಿ ಗುಡ್ಡಗಳನ್ನು ಬೋಳಿಸಿದವು. ಕೌರಿ ಸಾವಿರ ವರ್ಷ ಬಾಳಬಲ್ಲ ಮರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ಅಲ್ಲಿ ಕಾಡಿನ ಪಾಲಿಗೇ ನಿಜವಾಯಿತು.

1935ರಲ್ಲಿ ಹುಟ್ಟಿದ ಬ್ರಿಕೆಲ್ ವಿಜ್ಞಾನ ಓದಿದವರು. 1961ರಲ್ಲಿ ಈ ಊರಿನ ಶಾಲೆಗೆ ಮೇಷ್ಟರಾಗಿ ಬಂದರು. ಸ್ವಲ್ಪ ಕಾಲದಲ್ಲೇ ಕೆಲಸ ಬಿಟ್ಟು ತಿಗರಿಯ ಮುಂದೆ ಕುಳಿತರು. ಉಪ್ಪಿನ ಮೆರುಗು ಅವರಿಗೆ ಪ್ರಿಯ. ಮಡಕೆ ಸುಡುವ ಗೂಡು, ಅಂದರೆ ಆವಿಗೆ, ಸುಮಾರು 1,250 ಡಿಗ್ರಿ ಕಾದಾಗ ಒಳಗೆ ಉಪ್ಪು ಹಾಕಬೇಕು. ಅದು ಆವಿಯಾಗಿ, ಸೋಡಿಯಂ ಜೇಡಿಮಣ್ಣಿನ ಸಿಲಿಕಾದೊಂದಿಗೆ ಕೂಡಿ ಪಾತ್ರೆಯ ಮೈಮೇಲೆ ಗಾಜಿನ ಪದರವಾಗುತ್ತದೆ. ಬೆರಳಾಡಿಸಿದರೆ ಕಿತ್ತಳೆ ಸಿಪ್ಪೆಯಂತೆ ತರಿತರಿ. ಇಷ್ಟು ಶಾಖಕ್ಕೆ ಎಷ್ಟು ಸೌದೆ ಬೇಕು, ಯೋಚಿಸಿ!

1973ರಲ್ಲಿ ಊರಿನ ಬಳಿಯ ಡ್ರೈವಿಂಗ್ ಕ್ರೀಕ್‌ನಲ್ಲಿ ಸುಮಾರು 60 ಎಕರೆ ಕೊಂಡರು. ಗುಡ್ಡದ ಮೇಲಿನಿಂದ ಜೇಡಿಮಣ್ಣನ್ನೂ ಪೈನ್ ಸೌದೆಯನ್ನೂ ಇಳಿಸಲು 1975ರಲ್ಲಿ ತಾವೇ ರೈಲು ಹಳಿ ಹಾಕತೊಡಗಿದರು. ಹಳಿಗಳ ನಡುವೆ ಬರೀ 15 ಇಂಚು ಅಂತರ. ಸುರಂಗ, ಸೇತುವೆ, ಸುತ್ತುದಾರಿಗಳೊಂದಿಗೆ ಅದು ವರ್ಷದಿಂದ ವರ್ಷಕ್ಕೆ ಗುಡ್ಡ ಏರಿತು. ಇಳಿಜಾರು ಕುಸಿಯದಂತೆ ಕಟ್ಟಿದ ಗೋಡೆಗಳಲ್ಲಿ ಖಾಲಿ ಬಾಟಲಿಗಳೂ ಸೇರಿದವು. ಸಾಲದ ಭಾರ ಹೆಚ್ಚಿದಾಗ, 1990ರಲ್ಲಿ, ಜನರನ್ನೂ ಹತ್ತಿಸಿಕೊಂಡರು.

ನನ್ನ ಗೌರವ ಹೆಚ್ಚಿಸಿದ್ದು ಮುಂದಿನ ಕೆಲಸ. ಪೈನ್ ಹೊರಗಿನಿಂದ ಬಂದ ಮರ. ಅದು ಆವಿಗೆಗೆ ಹೋಯಿತು. ನೆಲಕ್ಕೆ ಕೌರಿ, ರಿಮು ಮುಂತಾದ ಅಲ್ಲಿನದೇ ಸಸಿಗಳು ಬಂದವು, ಇಪ್ಪತ್ತು ಸಾವಿರಕ್ಕೂ ಹೆಚ್ಚು. ಕೌರಿ ದೊಡ್ಡದಾಗುವುದನ್ನು ತಾವು ನೋಡಲಾರೆವೆಂದು ಗೊತ್ತಿದ್ದೂ ನೆಟ್ಟರು. ನಾಡಹಕ್ಕಿಗಳನ್ನು ತಿನ್ನುವ ಇಲಿಗಳೂ, ಮುಂಗುಸಿಯನ್ನು ಹೋಲುವ ಸ್ಟೋಟ್ ಎಂಬ ಪ್ರಾಣಿಯೂ ಒಳನುಗ್ಗದಂತೆ ಬೇಲಿ ಹಾಕಿದ ಜಾಗವನ್ನೂ ಮಾಡಿದರು. ಮಡಕೆ ಮಾಡುವುದು, ಹಳಿ ಹಾಕುವುದು, ಸಸಿ ನೆಡುವುದು ಅವರಿಗೆ ಒಂದೇ ದಿನದ ದುಡಿಮೆ.

2016ರ ಜನವರಿಯಲ್ಲಿ, ಎಂಬತ್ತರ ವಯಸ್ಸಿನಲ್ಲಿ ತೀರಿಕೊಂಡ ಅವರನ್ನು ಆ ಗುಡ್ಡದಲ್ಲೇ ಮಣ್ಣು ಮಾಡಿದರು. ರೈಲು ಈಗಲೂ ಓಡುತ್ತಿದೆ, ಬೇರೆ ಬೇರೆ ಕಡೆಯ ಕುಂಬಾರರು ಬಂದು ಅಲ್ಲಿ ಕೆಲಸ ಮಾಡುತ್ತಾರೆ.

ನಮಸ್ಕಾರ.