ಶರದೃತುವಿನ ಹಿತ್ತಲಿನಲ್ಲಿ ಬೆಳ್ಳುಳ್ಳಿ

ಗಡಿನಾಡಿನ ಕೇಳುಗರೆಲ್ಲರಿಗೂ ನಮಸ್ಕಾರ.

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಊರುಗಳಲ್ಲಿ ಸೆಪ್ಟೆಂಬರಿನ ಮಳೆಯೇ ವರ್ಷದ ದೊಡ್ಡ ಮಳೆ. ಆ ಮಳೆಯ ಹಸಿ ಆರುವ ಮೊದಲೇ ಹಿಂಗಾರಿ ಜೋಳ ಬಿತ್ತಬೇಕಾಗಿರುವುದರಿಂದ, ದಸರೆಯ ಆಚೀಚೆ ಮನೆಯವರೆಲ್ಲರ ಲಕ್ಷ್ಯವೂ ಹೊಲದ ಕಡೆಗೇ ಇರುತ್ತದೆ. ಹಿತ್ತಲು ಆಗ ಮರೆತುಹೋಗುತ್ತದೆ. ಬೆಳ್ಳುಳ್ಳಿ ಊರುವ ಸಮಯ ಮಾತ್ರ ಅದೇ ದಿನಗಳಲ್ಲಿ ಬಂದು ಹೋಗುತ್ತದೆ. ಶೇಂಗಾ ಚಟ್ನಿಯಿಂದ ಹಿಡಿದು ಬೇಳೆಯ ಒಗ್ಗರಣೆಯವರೆಗೆ ದಿನವೂ ಬೆಳ್ಳುಳ್ಳಿ ಬೇಡುವ ನಮ್ಮ ಮನೆಗಳು ಅದನ್ನು ವರ್ಷವಿಡೀ ಸಂತೆಯಿಂದ ತರುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಹಿತ್ತಲಲ್ಲಿ ಹತ್ತು ಚದರ ಮೀಟರ್ ಬಿಸಿಲು ಬೀಳುವ ಜಾಗವಿದ್ದರೆ, ಅರ್ಧ ಕಿಲೋ ಬೀಜದಿಂದ ಆರೇಳು ಕಿಲೋ ಗಡ್ಡೆಯನ್ನು ನಿರೀಕ್ಷಿಸಬಹುದು.

ಈ ಬೆಳೆಯಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಕಾಲದ ವಿಷಯ. ಬೆಳ್ಳುಳ್ಳಿಯ ಎಸಳು ಮೊದಲು ಎಲೆ ಬೆಳೆಸಿಕೊಳ್ಳುತ್ತದೆ. ಆ ಎಲೆಗಳಿಗೆ ಕೆಲವು ವಾರಗಳ ಚಳಿ ತಾಗಿ, ಅನಂತರ ಹಗಲು ಉದ್ದವಾಗುತ್ತ ಬಿಸಿಲೇರಿದಾಗಲೇ ಬುಡದಲ್ಲಿ ಗಡ್ಡೆ ಕಟ್ಟಿ ಅದು ಎಸಳುಗಳಾಗಿ ಒಡೆಯುತ್ತದೆ. ನಮ್ಮ ಭಾಗದಲ್ಲಿ ತಂಪಾದ ರಾತ್ರಿಗಳು ಸಿಗುವುದು ನವೆಂಬರಿನಿಂದ ಜನವರಿಯವರೆಗೆ ಮಾತ್ರ. ಆದ್ದರಿಂದ ಚಿತ್ತಾ ಮಳೆ ಮುಗಿಯುತ್ತ ಬಂದು ಸ್ವಾತಿ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಅಕ್ಟೋಬರಿನ ನಡುವಿನಿಂದ ನವೆಂಬರಿನ ಮೊದಲ ವಾರದೊಳಗೆ, ಎಸಳು ಮಣ್ಣು ಸೇರಿರಬೇಕು. ಎಳ್ಳಮಾವಾಸ್ಯೆ ಮುಗಿಸಿಕೊಂಡು ನೋಡೋಣ ಎಂದು ತಡಮಾಡಿದರೆ, ಎಲೆ ಬಲಿಯುವ ಮೊದಲೇ ಬೇಸಿಗೆ ಎದುರಾಗಿ ಗಡ್ಡೆ ಚಿಕ್ಕದಾಗುತ್ತದೆ, ಕೆಲವೊಮ್ಮೆ ಎಸಳುಗಳೇ ಒಡೆಯದೆ ಒಂಟಿ ಗಡ್ಡೆಯಾಗಿ ಉಳಿಯುತ್ತದೆ. ಇನ್ನು ಹಸ್ತಾ ಮಳೆಯ ಕೆಸರಿನಲ್ಲೇ ಅವಸರದಿಂದ ಊರಿದರೆ ಎಸಳು ಕೊಳೆಯುತ್ತದೆ. ಹಿಮ ಬೀಳುವ ದೇಶಗಳಲ್ಲಿಯೂ ಬೆಳ್ಳುಳ್ಳಿಯನ್ನು ಶರದೃತುವಿನಲ್ಲಿಯೇ ಊರುತ್ತಾರೆ. ಆದರೆ ಅಲ್ಲಿ ಅದು ಚಳಿಗಾಲವಿಡೀ ಮಣ್ಣಿನಡಿ ಕಾದು, ಮುಂದಿನ ಬೇಸಿಗೆಯ ನಡುವೆ ಕೈಗೆ ಬರುತ್ತದೆ. ಚಳಿಯಿಂದ ಕಾಪಾಡಲೆಂದು ಅವರು ಎಸಳನ್ನು ಆಳವಾಗಿ ಊರುತ್ತಾರೆ. ಆ ಆಳವನ್ನು ನಮ್ಮ ಎರೆಮಣ್ಣಿನಲ್ಲಿ ಅನುಸರಿಸಿದರೆ ಎಸಳು ಮೇಲೆ ಬರಲಾರದೆ ಹಾಳಾಗುತ್ತದೆ.

ಎರಡನೆಯದು ಬೀಜ. ನಾವು ಬೆಳೆಯುವ ಬೆಳ್ಳುಳ್ಳಿ ಬೀಜ ಕಟ್ಟುವುದಿಲ್ಲ. ಎಸಳೇ ಅದರ ಬೀಜ. ಹೀಗಾಗಿ ತಾಯಿ ಗಡ್ಡೆಯ ಗುಣವೆಲ್ಲ ಹೇಗೆ ಇಳಿದುಬರುತ್ತದೆಯೋ, ಅದರೊಳಗಿನ ರೋಗವೂ ಹಾಗೆಯೇ ಇಳಿದುಬರುತ್ತದೆ. ಪೇಟೆಯ ಅಂಗಡಿಯಲ್ಲಿ ದೊಡ್ಡ ದೊಡ್ಡ ಎಸಳುಗಳ, ನೋಡಲು ಬಹಳ ಚೆಂದವಾದ ಬೆಳ್ಳುಳ್ಳಿ ಕಂಡಾಗ ಅದನ್ನೇ ಊರೋಣವೆನ್ನುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಅಂತಹ ಬೆಳ್ಳುಳ್ಳಿ ಬಹುಮಟ್ಟಿಗೆ ಉತ್ತರದ ಗುಡ್ಡಗಾಡಿನಿಂದ ಬಂದದ್ದು. ಗಡ್ಡೆ ಕಟ್ಟಲು ಅದಕ್ಕೆ ನಮ್ಮಲ್ಲಿ ಇಲ್ಲದಷ್ಟು ದೀರ್ಘ ಹಗಲು ಮತ್ತು ನಮ್ಮಲ್ಲಿ ಇಲ್ಲದಷ್ಟು ಚಳಿ ಬೇಕು. ಇಲ್ಲಿ ಊರಿದರೆ ಅದು ಹುಲುಸಾಗಿ ಎಲೆ ಬಿಡುತ್ತದೆಯೇ ಹೊರತು ಬುಡದಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಕೇಳುಗರಲ್ಲಿ ನನ್ನ ಕಳಕಳಿಯ ಮಾತೆಂದರೆ, ಅಂಗಡಿಯ ಚೆಂದಕ್ಕೆ ಮಾರುಹೋಗದೆ, ನಿಮ್ಮ ಊರಿನಲ್ಲಿಯೇ ಬೆಳೆದವರ ಮನೆಯಿಂದ ಗಡ್ಡೆ ತನ್ನಿರಿ. ಪುಣೆ ಜಿಲ್ಲೆಯ ರಾಜಗುರುನಗರದಲ್ಲಿ ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿಗಾಗಿಯೇ ಕೇಂದ್ರ ಸರ್ಕಾರದ ಸಂಶೋಧನಾ ನಿರ್ದೇಶನಾಲಯವಿದೆ. ಅಲ್ಲಿ ರೂಪುಗೊಂಡ ಭೀಮಾ ಓಂಕಾರ್ ಮತ್ತು ಭೀಮಾ ಪರ್ಪಲ್ ಎಂಬ ತಳಿಗಳು ಬಯಲುಸೀಮೆಯ ಹಗಲಿಗೆ ಹೊಂದುತ್ತವೆ. ಭೀಮಾ ಪರ್ಪಲ್ ತಳಿಯ ಸಿಪ್ಪೆಗೆ ನೇರಳೆ ಬಣ್ಣವಿರುತ್ತದೆ.

ಗಡ್ಡೆಯನ್ನು ಊರುವ ದಿನವೇ ಅಥವಾ ಹಿಂದಿನ ದಿನ ಬಿಡಿಸಬೇಕು. ವಾರಗಟ್ಟಲೆ ಮೊದಲೇ ಬಿಡಿಸಿಟ್ಟ ಎಸಳು ಒಣಗಿ ಬಲಗುಂದುತ್ತದೆ. ಸಿಪ್ಪೆ ಸುಲಿಯಬಾರದು. ಹೊರಸುತ್ತಿನ ದಪ್ಪ ಎಸಳುಗಳನ್ನು ಬೀಜಕ್ಕೆ ಆರಿಸಿ, ಒಳಗಿನ ಸಣ್ಣವನ್ನು ಅಡುಗೆಗೆ ಇಟ್ಟುಕೊಳ್ಳಬೇಕು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗಾಗಿ ನಡೆಯುತ್ತದೆ: ದಪ್ಪನೆಯವು ಒರಳಿಗೆ, ಸುಲಿಯಲು ಬೇಸರ ತರುವ ಸಣ್ಣವು ಮಡಿಗೆ. ಚಿಕ್ಕ ಎಸಳಿನಿಂದ ಚಿಕ್ಕ ಗಡ್ಡೆಯೇ ಬರುವುದರಿಂದ, ಹೀಗೆ ಮೂರ್ನಾಲ್ಕು ವರ್ಷ ನಡೆದರೆ ಮನೆಯ ಒಳ್ಳೆಯ ಬೀಜವೂ ಕ್ಷೀಣಿಸಿಹೋಗುತ್ತದೆ.

ನಮ್ಮ ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ, ಒಣಗಿದಾಗ ಬಿಗಿದು ಬಿರುಕು ಬಿಡುತ್ತದೆ. ಗಡ್ಡೆಗೆ ಇವೆರಡೂ ಹಿತವಲ್ಲ. ಆದುದರಿಂದ ಮಡಿಯನ್ನು ಗೇಣುದ್ದ ಎತ್ತರಿಸಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಚದರ ಮೀಟರಿಗೆ ಎರಡು ಕಿಲೋದಷ್ಟು ಬೆರೆಸಬೇಕು. ಹಸಿ ಸಗಣಿ ಮಾತ್ರ ಬೇಡ. ಮಡ್ಡಿ ಅಥವಾ ಮಸಾರಿ ಮಣ್ಣಿರುವ ಜತ್ತದ ಕಡೆಯ ಮನೆಗಳವರಿಗೆ ನೀರು ಬಸಿಯುವ ಚಿಂತೆ ಕಡಿಮೆ, ಆದರೆ ಗೊಬ್ಬರದ ಅಗತ್ಯ ಹೆಚ್ಚು. ಬೆಳ್ಳುಳ್ಳಿಯ ಘಾಟಿಗೆ ಗಂಧಕವೇ ಆಧಾರ. ಎಸಳನ್ನು ಜಜ್ಜಿದ ಕೂಡಲೇ ಮೂಗಿಗೆ ಬರುವ ವಾಸನೆ ಗಂಧಕವಿರುವ ಸಂಯುಕ್ತಗಳದ್ದು. ಜಿಪ್ಸಮ್‌ನಲ್ಲಿ ಗಂಧಕವಿರುವುದರಿಂದ, ಶೇಂಗಾ ಬೆಳೆಗೆಂದು ತಂದದ್ದು ಮನೆಯಲ್ಲಿ ಉಳಿದಿದ್ದರೆ ಒಂದು ಹಿಡಿಯಷ್ಟನ್ನು ಮಡಿಗೆ ಬೆರೆಸಬಹುದು. ಶ್ರಾವಣದ ಹೊತ್ತಿಗೆ ಹೆಸರು ಕಿತ್ತು ಬಿಡುವಾದ ಜಾಗ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಉಳ್ಳಾಗಡ್ಡಿ ಬೆಳೆದ ಮಡಿಯಲ್ಲಿ ಬೆಳ್ಳುಳ್ಳಿ ಬೇಡ, ಎರಡಕ್ಕೂ ಬರುವ ಕೀಟ ಮತ್ತು ರೋಗಗಳು ಒಂದೇ.

ಊರುವಾಗ ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಎಸಳಿನಿಂದ ಎಸಳಿಗೆ 10 ಸೆಂಟಿಮೀಟರ್ ಅಂತರ ಸಾಕು. ಚೂಪಾದ ತುದಿ ಮೇಲೆ, ಬೇರು ಬಿಡುವ ಚಪ್ಪಟೆ ಬುಡ ಕೆಳಗೆ ಇರಬೇಕು, ಮತ್ತು ತುದಿಯ ಮೇಲೆ ಎರಡು ಸೆಂಟಿಮೀಟರಿನಷ್ಟು ಮಾತ್ರ ಸಡಿಲ ಮಣ್ಣು ಇರಬೇಕು. ಊರಿದ ದಿನವೇ ನಿಧಾನವಾಗಿ ನೀರು ಹಾಯಿಸಿ, ಮೇಲೆ ಶೇಂಗಾ ಹೊಟ್ಟನ್ನೋ ಒಣ ಕಣಕಿಯ ಚೂರುಗಳನ್ನೋ ತೆಳುವಾಗಿ ಹರಡಿದರೆ ಎರೆಮಣ್ಣು ಬಿರುಕು ಬಿಡುವುದು ಕಡಿಮೆಯಾಗುತ್ತದೆ, ಕಳೆಯೂ ಅಷ್ಟಾಗಿ ಏಳುವುದಿಲ್ಲ. ಬೆಳ್ಳುಳ್ಳಿಯ ಬೇರು ಆಳಕ್ಕೆ ಇಳಿಯುವುದಿಲ್ಲವಾದ್ದರಿಂದ ಕುರ್ಪಿಯನ್ನು ಮೇಲ್ಮೇಲೆ ಆಡಿಸಬೇಕು, ಗಿಡದ ಬುಡಕ್ಕಂತೂ ಕೈಯಿಂದಲೇ ಕಳೆ ಕೀಳಬೇಕು. ಚಳಿಗಾಲದಲ್ಲಿ ವಾರಕ್ಕೆ ಅಥವಾ ಹತ್ತು ದಿನಕ್ಕೊಮ್ಮೆ ನೀರು ಕೊಟ್ಟರೆ ಸಾಕಾಗುತ್ತದೆ. ಬಚ್ಚಲ ನೀರು ಸದಾ ಹರಿದುಬರುವ ಕಡೆ ಬಾಳೆ, ಕೆಸು ಹಾಕಬಹುದು, ಬೆಳ್ಳುಳ್ಳಿ ಹಾಕಬಾರದು. ಬೋರಿನ ನೀರು ಸವಳಾಗಿದ್ದರೂ ಗಡ್ಡೆ ದಪ್ಪವಾಗುವುದಿಲ್ಲ.

ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಜಾತ್ರೆ ನಡೆಯುವ ಸಂಕ್ರಾಂತಿಯ ದಿನಗಳಿಗೆ ಗಿಡದ ಬುಡ ಉಬ್ಬತೊಡಗಿರುತ್ತದೆ. ಆ ಹೊತ್ತಿನಲ್ಲಿ ನೀರು ತಪ್ಪಿಸಬಾರದು, ಯೂರಿಯಾದಂತಹ ಗೊಬ್ಬರವನ್ನೂ ಕೊಡಬಾರದು. ಕೊಟ್ಟರೆ ಗಡ್ಡೆ ಬಿಗಿಯಾಗದೆ, ಹೊಲದಲ್ಲಿಯೇ ಮತ್ತೆ ಚಿಗುರೊಡೆದು, ಕೂಡಿಟ್ಟಾಗ ಬಾಳಿಕೆ ಬರುವುದಿಲ್ಲ. ಎಲೆಗಳ ಮೇಲೆ ಬೆಳ್ಳಗಿನ ಗೀರುಗಳು ಕಂಡರೆ ಅದು ಥ್ರಿಪ್ಸ್ ನುಸಿಯ ಕೆಲಸ. ಅವು ಸುಳಿಯ ಸಂದಿಯಲ್ಲಿ ಅಡಗಿರುತ್ತವೆ. ಬೇವಿನ ಬೀಜದ 50 ಗ್ರಾಂ ಪುಡಿಯನ್ನು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆಯ ಹೊತ್ತು ಸುಳಿಗೆ ಬೀಳುವಂತೆ ಸಿಂಪಡಿಸಬೇಕು. ಮೋಡ ಕವಿದ ಹವೆಯಲ್ಲಿ ನೇರಳೆ ಮಚ್ಚೆ ರೋಗ ಬಂದ ಎಲೆಗಳನ್ನು ಕಿತ್ತು ಮಡಿಯಿಂದ ದೂರ ಸುಡುವುದು ಹಿತ್ತಲಿನ ಮಟ್ಟಿಗೆ ಸಾಕು.

ಊರಿದ 120 ರಿಂದ 135 ದಿನಗಳಿಗೆ, ಹೆಚ್ಚುಕಡಿಮೆ ಶಿವರಾತ್ರಿಯಿಂದ ಹೋಳಿಯವರೆಗಿನ ದಿನಗಳಲ್ಲಿ, ಎಲೆಗಳು ಹಳದಿಯಾಗಿ ತುದಿಯಿಂದ ಒಣಗುತ್ತ ಬರುತ್ತವೆ. ಕೀಳುವುದಕ್ಕೆ ಎರಡು ವಾರ ಮೊದಲೇ ನೀರು ನಿಲ್ಲಿಸಬೇಕು. ಪೂರ್ತಿ ಒಣಗಲೆಂದು ಕಾದರೆ ಹೊರಸಿಪ್ಪೆ ಹರಿದು ಎಸಳುಗಳು ಮಣ್ಣಿನಲ್ಲಿಯೇ ಬಿಚ್ಚಿಕೊಳ್ಳುತ್ತವೆ. ಎರೆಮಣ್ಣು ಕಲ್ಲಿನಂತೆ ಬಿಗಿದಿರುವುದರಿಂದ ಎಲೆ ಹಿಡಿದು ಎಳೆಯದೆ, ಪಕ್ಕದಿಂದ ಸಣ್ಣ ಗುದ್ದಲಿ ಹಾಕಿ ಎಬ್ಬಿಸಬೇಕು. ಕಿತ್ತ ಗಡ್ಡೆಗಳನ್ನು ಒಂದರ ಎಲೆ ಇನ್ನೊಂದರ ಗಡ್ಡೆಯನ್ನು ಮುಚ್ಚುವಂತೆ ಎರಡು ಮೂರು ದಿನ ಹರಡಿ, ಆಮೇಲೆ ಗಾಳಿಯಾಡುವ ನೆರಳಿನಲ್ಲಿ ಹತ್ತು ದಿನ ಒಣಗಿಸಬೇಕು. ಎಲೆಗಳನ್ನು ಹೆಣೆದು ಗೊಂಚಲು ಮಾಡಿ ಪಡಸಾಲೆಯ ಜಂತಿಗೆ ತೂಗುಹಾಕುವುದು ನಮ್ಮ ಹಿರಿಯರ ಕ್ರಮ, ಇಂದಿಗೂ ಮನೆಯ ಮಟ್ಟಿಗೆ ಅದಕ್ಕಿಂತ ಉತ್ತಮವಾದದ್ದು ನನಗೆ ಕಂಡಿಲ್ಲ. ಮುಂದಿನ ವರ್ಷದ ಬೀಜಕ್ಕೆ ಬೇಕಾದ ದಪ್ಪ, ಕಲೆಯಿಲ್ಲದ ಗಡ್ಡೆಗಳನ್ನು ಆಗಲೇ ಬೇರೆ ಗೊಂಚಲಾಗಿ ಕಟ್ಟಿ ಗುರುತಿಡಬೇಕು, ಇಲ್ಲವಾದರೆ ಅವು ಮೊದಲಿಗೇ ಅಡುಗೆಮನೆ ಸೇರುತ್ತವೆ. ಮಳೆಗಾಲದ ತೇವಗಾಳಿ ಶುರುವಾದ ಮೇಲೆ ವಾರಕ್ಕೊಮ್ಮೆ ಗೊಂಚಲುಗಳನ್ನು ಮುಟ್ಟಿ ನೋಡಿ, ಮೆತ್ತಗಾದವನ್ನು ತೆಗೆದುಹಾಕಿ, ಹಸಿರು ಮೊಳಕೆ ಇಣುಕಿದವನ್ನು ಮೊದಲು ಬಳಸಿಕೊಳ್ಳಿರಿ. ನಮಸ್ಕಾರ.