ಟೇಲಿಂಗ್ಸ್‌ನೊಳಗಿನ ಆನೆ: ಅದಿರಿನಲ್ಲಿದ್ದ ಖನಿಜ ತಪ್ಪಿಸಿಕೊಳ್ಳುವುದು ಎಲ್ಲಿಂದ?

ನಮಸ್ಕಾರ. ಹಿಂದಿನ ವಿಡಿಯೋ ನೋಡಿದ ವೀಕ್ಷಕರೊಬ್ಬರು ಒಂದೇ ಸಾಲಿನ ಪ್ರಶ್ನೆ ಕೇಳಿದ್ದರು: ತಾಮ್ರದ ಅದಿರಿನಿಂದ ಶೇಕಡಾ 90ರಷ್ಟು ತಾಮ್ರ ಕೈಗೆ ಸಿಗುತ್ತದೆ ಎಂದಾದರೆ, ಉಳಿದ 10 ಎಲ್ಲಿಗೆ ಹೋಯಿತು? ಟೇಲಿಂಗ್ಸ್‌ಗೆ, ಅಂದರೆ ಖನಿಜ ತೆಗೆದ ಮೇಲೆ ಹೊರಹಾಕುವ ಕಲ್ಲಿನ ರಾಡಿಗೆ, ಹೋಯಿತು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದು, ಮನೆ ಬಿಟ್ಟು ಹೋದವನು ಎಲ್ಲಿದ್ದಾನೆ ಎಂದು ಕೇಳಿದರೆ ಹೊರಗಿದ್ದಾನೆ ಎಂದು ಉತ್ತರಿಸಿದಂತೆ.

ಮೂಲ ಪಾಠವನ್ನು ಬೇಗ ಮುಗಿಸೋಣ. ಅದಿರನ್ನು ಒಡೆದು, ನೀರು ಬೆರೆಸಿ ಮಿಲ್‌ನಲ್ಲಿ ಅರೆದು, ಆ ರಾಡಿಗೆ ಕ್ಸಾಂಥೇಟ್‌ನಂತಹ ಕಲೆಕ್ಟರ್, ಅಂದರೆ ಖನಿಜದ ಮೇಲ್ಮೈಯನ್ನು ಹಿಡಿದು ಅದು ಗುಳ್ಳೆಗೆ ಅಂಟುವಂತೆ ಮಾಡುವ ರಾಸಾಯನಿಕ, ಸೇರಿಸಿ ಗಾಳಿ ಊದಿದರೆ, ಸಲ್ಫೈಡ್ ಖನಿಜದ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ನೊರೆಯೊಂದಿಗೆ ಮೇಲೇರುತ್ತವೆ. ಕಲ್ಲಿನ ಪುಡಿ ಕೆಳಗುಳಿದು ಟೇಲಿಂಗ್ಸ್ ಆಗಿ ಹೊರಹೋಗುತ್ತದೆ. ಲೆಕ್ಕಕ್ಕೆಂದು ದಿನಕ್ಕೆ 10,000 ಟನ್ ಅದಿರು ಅರೆಯುವ ಸ್ಥಾವರವೊಂದನ್ನು ಊಹಿಸಿಕೊಳ್ಳಿ. ಅದಿರಿನಲ್ಲಿ ಶೇಕಡಾ 1ರಷ್ಟು ತಾಮ್ರವಿದ್ದರೆ ಒಳಬಂದದ್ದು 100 ಟನ್ ತಾಮ್ರ, ನೊರೆಯಲ್ಲಿ ಸಿಕ್ಕಿದ್ದು 90 ಟನ್. ಉಳಿದ 10 ಟನ್ ತಾಮ್ರವು 9,600 ಟನ್‌ಗೂ ಹೆಚ್ಚಿನ ಟೇಲಿಂಗ್ಸ್‌ನಲ್ಲಿ ಹರಡಿಕೊಂಡಿರುತ್ತದೆ, ಅಂದರೆ ಟನ್ನಿಗೆ ಸುಮಾರು ಒಂದು ಕಿಲೋ. ಪ್ರಯೋಗಾಲಯದ ವರದಿಯಲ್ಲಿ ಇದು ಶೇಕಡಾ 0.1 ಎಂಬ ಬಡಪಾಯಿ ಅಂಕಿಯಾಗಿ ಕಾಣುತ್ತದೆ. ಅದನ್ನು ನೋಡಿ ಯಾರ ನಿದ್ದೆಯೂ ಕೆಡುವುದಿಲ್ಲ.

ಆದರೆ ಆ ಅಂಕಿ ಒಂದು ಸರಾಸರಿ, ಮತ್ತು ಸರಾಸರಿಯು ಇಲ್ಲಿ ಶುದ್ಧ ಸುಳ್ಳುಗಾರ. ಅದೇ ಟೇಲಿಂಗ್ಸ್ ಮಾದರಿಯನ್ನು ಜರಡಿಗಳಲ್ಲಿ ಜಾಲಿಸಿ, ಕಣದ ಗಾತ್ರಕ್ಕನುಗುಣವಾಗಿ ಬೇರ್ಪಡಿಸಿ, ಪ್ರತಿಯೊಂದು ಭಾಗವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದಾಗ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಚಿತ್ರ ಮೂಡುತ್ತದೆ.

[ಪರದೆಯ ಮೇಲೆ ರೇಖಾಚಿತ್ರವು ಎಡದಿಂದ ಬಲಕ್ಕೆ ನಿಧಾನವಾಗಿ ಮೂಡುತ್ತದೆ.]

ಅಡ್ಡ ರೇಖೆಯಲ್ಲಿರುವುದು ಕಣದ ಗಾತ್ರ, ಲಂಬ ರೇಖೆಯಲ್ಲಿರುವುದು ಆ ಗಾತ್ರದ ಕಣಗಳಲ್ಲಿ ಎಷ್ಟು ಪಾಲು ನೊರೆಗೆ ಬಂತು ಎಂಬ ಲೆಕ್ಕ. ನಡುವಿನಲ್ಲಿ, ಸ್ಥೂಲವಾಗಿ 10ರಿಂದ 150 ಮೈಕ್ರಾನ್‌ವರೆಗೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಗೆರೆ ಎತ್ತರದಲ್ಲಿ ಅಗಲವಾಗಿ ಹರಡಿದೆ. ಎರಡೂ ತುದಿಗಳಲ್ಲಿ ಅದು ಜಾರಿ ಕೆಳಗಿಳಿದಿದೆ. ಖನಿಜ ಸಂಸ್ಕರಣೆಯವರು ಇದನ್ನು ಆನೆಯ ರೇಖೆ ಎಂದೇ ಕರೆಯುತ್ತಾರೆ. ಬೆನ್ನು ಬಲವಾಗಿದೆ, ನಷ್ಟವೆಲ್ಲ ಸೊಂಡಿಲಿನಲ್ಲಿ ಮತ್ತು ಬಾಲದಲ್ಲಿದೆ.

ನುಣ್ಣನೆಯ ಕಣಗಳ ತುದಿಯಿಂದ ಆರಂಭಿಸೋಣ. ಗುಳ್ಳೆಯೊಂದು ಸುಮಾರು ಒಂದು ಮಿಲಿಮೀಟರ್ ಇದ್ದರೆ, 5 ಮೈಕ್ರಾನ್ ಕಣವು ಅದರ ಇನ್ನೂರರ ಒಂದು ಭಾಗದಷ್ಟಿರುತ್ತದೆ. ಓಡುತ್ತಿರುವ ಲಾರಿಯ ಮುಂಗಾಜಿಗೆ ಸಣ್ಣ ಕಲ್ಲು ಎದುರಾದರೆ ಠಣ್ ಎಂದು ಬಡಿಯುತ್ತದೆ, ಹತ್ತಿಯ ಎಳೆ ಎದುರಾದರೆ ಗಾಳಿಯೊಂದಿಗೆ ಮೆಲ್ಲಗೆ ಪಕ್ಕಕ್ಕೆ ಸರಿದುಹೋಗುತ್ತದೆ. ನುಣ್ಣನೆಯ ಕಣದ ಕಥೆಯೂ ಇದೇ: 50 ಮೈಕ್ರಾನ್ ಕಣಕ್ಕೆ ಹೋಲಿಸಿದರೆ ಅದರ ತೂಕ ಸಾವಿರದ ಒಂದು ಪಾಲು ಮಾತ್ರ, ಹಾಗಾಗಿ ಗುಳ್ಳೆಯನ್ನು ಸುತ್ತುವರಿದ ನೀರಿನ ಹರಿವು ಅದನ್ನು ಹೊತ್ತುಕೊಂಡು ಹೋಗುತ್ತದೆ. ಮೇಲ್ಮೈಗೆ ಎಷ್ಟೇ ಕಲೆಕ್ಟರ್ ಬಳಿದಿದ್ದರೂ, ಭೇಟಿಯೇ ಆಗದ ಮೇಲೆ ಅಂಟಿಕೊಳ್ಳುವುದು ಹೇಗೆ?

ಇನ್ನೊಂದು ತುದಿಯಲ್ಲಿರುವ ದಪ್ಪ ಕಣಗಳದ್ದು ಎರಡು ಬಗೆಯ ತೊಂದರೆ. ಕೆಲವು ಕಣಗಳಲ್ಲಿ ಖನಿಜವು ಕಲ್ಲಿನೊಳಗೆ ಬಂದಿಯಾಗಿದ್ದು, ಗುಳ್ಳೆಗೆ ಹಿಡಿಯಲು ಮೇಲ್ಮೈಯೇ ಸಿಗುವುದಿಲ್ಲ. ಇನ್ನು ಕೆಲವು ಪೂರ್ತಿ ಬಿಡುಗಡೆಯಾಗಿದ್ದರೂ ತೊಟ್ಟಿಯೊಳಗಿನ ಕಲಕಾಟಕ್ಕೆ ಗುಳ್ಳೆಯಿಂದ ಕಳಚಿ ಬೀಳುತ್ತವೆ. ಮೊದಲನೆಯದಕ್ಕೆ ಮರು ಅರೆತ ಬೇಕು. ಎರಡನೆಯದಕ್ಕೆ ಬೇಕಾದದ್ದು ಕಲಕಾಟವಿಲ್ಲದೆ, ಕೆಳಗಿನಿಂದ ಏರುವ ನೀರಿನ ಹರಿವಿನಲ್ಲಿ ದಪ್ಪ ಕಣಗಳನ್ನು ತೇಲಿಸುವ ತೊಟ್ಟಿ. ಸೂಕ್ಷ್ಮದರ್ಶಕದಲ್ಲಿ ನೋಡದೆ ಇವೆರಡರ ವ್ಯತ್ಯಾಸ ಹೇಳಲಾಗದು.

ಚೇತರಿಕೆ, ಅಂದರೆ ಅದಿರಿನಿಂದ ಕೈಗೆ ಸಿಗುವ ಖನಿಜದ ಪಾಲು, ಕುಸಿದ ಕೂಡಲೇ ಇನ್ನಷ್ಟು ನುಣ್ಣಗೆ ಅರೆಯಿರಿ ಎಂಬ ಆದೇಶ ಹೊರಡುವುದನ್ನು ಕಂಡರೆ ನನಗೆ ಸಂಕಟವಾಗುವುದು ಈ ಕಾರಣಕ್ಕೆ. ಒಂದು ತುದಿಯ ನಷ್ಟವನ್ನು ತೆಗೆದು ಇನ್ನೊಂದು ತುದಿಗೆ ದಾಟಿಸುವ ಕೆಲಸ ಅದು. ದಪ್ಪವಾಗಿದ್ದುದನ್ನು ಮತ್ತೆ ಅರೆಯಬಹುದು, ಅತಿಯಾಗಿ ಅರೆದದ್ದನ್ನು ಮತ್ತೆ ಕಲ್ಲಾಗಿಸಲಾಗದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಯಾರೋ ಮಿಲ್ ಆಪರೇಟರ್ ಕಟ್ಟಿರಬೇಕು ಎಂದು ನನ್ನ ಗುಮಾನಿ.

ಅತಿ ಅರೆತಕ್ಕೆ ಆಪರೇಟರ್ ಒಬ್ಬನೇ ಕಾರಣನಲ್ಲ, ಮಿಲ್‌ನ ಪಕ್ಕದಲ್ಲಿ ರಾಡಿಯನ್ನು ವೇಗವಾಗಿ ಸುತ್ತಿಸಿ ಕಣಗಳನ್ನು ಬೇರ್ಪಡಿಸುವ ಸೈಕ್ಲೋನ್ ಎಂಬ ಸಾಧನ ಕೂಡ ಪಾಲುದಾರ. ದಪ್ಪದ್ದನ್ನು ಮಿಲ್‌ಗೆ ವಾಪಸು ಕಳುಹಿಸಿ, ನುಣ್ಣನೆಯದನ್ನು ಮುಂದಕ್ಕೆ ಬಿಡುವುದು ಅದರ ಕೆಲಸ. ಆದರೆ ಅದು ಗಾತ್ರವನ್ನಷ್ಟೇ ಅಲ್ಲ, ಸಾಂದ್ರತೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸೀಸದ ಅದಿರಾದ ಗಲೀನದ ಸಾಂದ್ರತೆ ನೀರಿನ ಸುಮಾರು 7.5 ಪಟ್ಟು, ಸ್ಫಟಿಕ ಶಿಲೆಯದ್ದು 2.65 ಪಟ್ಟು. ಹೀಗಾಗಿ 20 ಮೈಕ್ರಾನ್ ಗಲೀನ ಕಣವು ಸೈಕ್ಲೋನ್‌ನ ಕಣ್ಣಿಗೆ ಹೆಚ್ಚುಕಡಿಮೆ 40 ಮೈಕ್ರಾನ್ ಸ್ಫಟಿಕದಂತೆ ಕಂಡು, ಆಗಲೇ ಸಾಕಷ್ಟು ನುಣ್ಣಗಾಗಿದ್ದರೂ ಮತ್ತೆ ಅರೆಯಲು ಹೋಗುತ್ತದೆ. ಬೆಲೆಯುಳ್ಳ ಖನಿಜವೇ ಹೆಚ್ಚು ಅರೆಸಿಕೊಳ್ಳುವ ಈ ವ್ಯಂಗ್ಯಕ್ಕೆ ಪರಿಹಾರವಿದೆ: ಸೈಕ್ಲೋನ್ ಬದಲು ನುಣ್ಣನೆಯ ಜರಡಿ ಬಳಸುವುದು, ಇಲ್ಲವೇ ಅರೆಯುವ ಸುತ್ತಿನ ನಡುವೆಯೇ ಒಂದು ಫ್ಲೋಟೇಶನ್ ತೊಟ್ಟಿಯಿಟ್ಟು (ಗಾಳಿ ಊದಿ ನೊರೆಯಲ್ಲಿ ಖನಿಜ ತೇಲಿಸುವ ತೊಟ್ಟಿ), ಬಿಡುಗಡೆಯಾದ ಖನಿಜವನ್ನು ಅಲ್ಲೇ ಎತ್ತಿಬಿಡುವುದು.

ಹಾಗೆಂದು ನುಣ್ಣಗೆ ಅರೆಯುವುದೇ ತಪ್ಪೆಂದಲ್ಲ. ಆಸ್ಟ್ರೇಲಿಯಾದ ಮೆಕಾರ್ಥರ್ ರಿವರ್‌ನ ಸತು-ಸೀಸದ ನಿಕ್ಷೇಪ 1955ರಲ್ಲೇ ಪತ್ತೆಯಾಗಿತ್ತು. ಆದರೆ ಖನಿಜಗಳು ಒಂದರೊಳಗೊಂದು ಎಷ್ಟು ಸೂಕ್ಷ್ಮವಾಗಿ ಹೆಣೆದುಕೊಂಡಿದ್ದವೆಂದರೆ, ಸುಮಾರು 7 ಮೈಕ್ರಾನ್‌ವರೆಗೆ ಅರೆಯದೆ ಅವು ಬಿಡಿಸಿಕೊಳ್ಳುತ್ತಿರಲಿಲ್ಲ. ಅದೇ ದೇಶದ ಮೌಂಟ್ ಐಸಾ ಗಣಿಯಲ್ಲಿ ಅತಿ ನುಣ್ಣಗೆ ಅರೆಯುವ ಐಸಾಮಿಲ್ ಎಂಬ ಯಂತ್ರ ಸಿದ್ಧವಾದ ಮೇಲಷ್ಟೇ, 1995ರಲ್ಲಿ, ಅಲ್ಲಿ ಉತ್ಪಾದನೆ ಆರಂಭವಾಯಿತು. ಅಷ್ಟು ನುಣ್ಣನೆಯ ಕಣಗಳನ್ನು ಹಿಡಿಯುವುದಕ್ಕೆ ಗುಳ್ಳೆಗಳೂ ಸಣ್ಣದಾಗಬೇಕು. ಗ್ರೇಮ್ ಜೇಮ್ಸನ್ 1980ರ ದಶಕದಲ್ಲಿ ರೂಪಿಸಿದ ಜೇಮ್ಸನ್ ಸೆಲ್ ಎಂಬ ತೊಟ್ಟಿ ಮಾಡುವುದು ಅದನ್ನೇ.

ಸಮಯ ಮೀರುತ್ತಿದೆ, ಆದ್ದರಿಂದ ಉಳಿದವನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಗಾತ್ರ ಸರಿಯಿದ್ದರೂ ಅದಿರಿನ ಮೇಲ್ಮೈ ಆಕ್ಸಿಡೀಕರಣಗೊಂಡಿದ್ದರೆ ಕ್ಸಾಂಥೇಟ್ ಹಿಡಿಯುವುದಿಲ್ಲ, ಆಗ ಮೊದಲು ಸೋಡಿಯಂ ಹೈಡ್ರೋಸಲ್ಫೈಡ್ ಹಾಕಿ ಮೇಲ್ಮೈಯನ್ನು ಸಲ್ಫೈಡ್ ಆಗಿಸಬೇಕು. ಸುಮ್ಮನೆ ಕಲೆಕ್ಟರ್ ಸುರಿಯುತ್ತಾ ಹೋದರೆ ಬೇಡವಾದ ಪೈರೈಟ್ (ಕಬ್ಬಿಣದ ಸಲ್ಫೈಡ್) ಕೂಡ ತೇಲಿಬಂದು, ನೊರೆಯಿಂದ ಸಿಗುವ ಕಾನ್ಸಂಟ್ರೇಟ್ ಕೆಡುತ್ತದೆ. ಪಂಪಿನ ಬುಡದಲ್ಲಿ ಚೆಲ್ಲಿದ್ದು, ರಾಡಿಯ ನೀರು ಬಸಿಯುವ ತೊಟ್ಟಿಯಾದ ಥಿಕನರ್‌ನ ಅಂಚಿನಿಂದ ಉಕ್ಕಿ ಹರಿದದ್ದು, ತೊಟ್ಟಿಯ ಮಟ್ಟ ಏರಿಳಿದಾಗ ತಪ್ಪಿಹೋದದ್ದು ಇವೆಲ್ಲವೂ ನಷ್ಟವೇ. ಮಾದರಿ ತೆಗೆಯುವ ಕ್ರಮವೇ ತಪ್ಪಾಗಿದ್ದರೆ ಈವರೆಗಿನ ಲೆಕ್ಕವೆಲ್ಲ ನೀರ ಮೇಲಿನ ಬರಹ.

ಕೊನೆಯದಾಗಿ, ಆ ವೀಕ್ಷಕರ ಪ್ರಶ್ನೆಯನ್ನು ತಾಮ್ರದ ಬದಲು ಚಿನ್ನದ ಬಗ್ಗೆ ಕೇಳಿದರೆ ಇನ್ನೊಂದು ಉತ್ತರವೂ ಇದೆ. ಚಿನ್ನ ಮೆದು ಲೋಹವಾದ್ದರಿಂದ ಮಿಲ್‌ನಲ್ಲಿ ಒಡೆಯದೆ ಚಪ್ಪಟೆಯಾಗುತ್ತದೆ, ಭಾರವಾದ್ದರಿಂದ ಸೈಕ್ಲೋನ್ ಅದನ್ನು ಮತ್ತೆ ಮತ್ತೆ ಹಿಂದಕ್ಕೆ ತಳ್ಳುತ್ತದೆ, ಹೀಗೆ ಸುತ್ತುತ್ತಾ ಸುತ್ತುತ್ತಾ ಒಂದಿಷ್ಟು ಚಿನ್ನ ಮಿಲ್‌ನ ಒಳಗೋಡೆಗೆ ಹೊದಿಸಿದ ಲೈನರ್‌ಗಳ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಸವೆದ ಲೈನರ್ ಬದಲಿಸಲು ಮಿಲ್ ನಿಲ್ಲಿಸಿದ ದಿನ, ಅದರ ಹಿಂದಿನ ಕೆಸರನ್ನು ಕೆರೆದು ಜೋಪಾನವಾಗಿ ತುಂಬಿಕೊಳ್ಳುತ್ತಾರೆ. ಪುಸ್ತಕದಲ್ಲಿ ಕಳೆದುಹೋಯಿತೆಂದು ಬರೆದಿದ್ದ ಚಿನ್ನ ಗೇಟನ್ನೇ ದಾಟಿರುವುದಿಲ್ಲ.