ಇಚ್ಚ ತಂದ ಸೂಪರ್‌ಮ್ಯಾನ್

ಕೇಳುಗರೆಲ್ಲರಿಗೂ ನಮಸ್ಕಾರ.

1985ರ ಮಳೆಗಾಲ ಮುಗಿದ ಹೊತ್ತು. ಕುಂಬಳೆಯಲ್ಲಿ ನಮ್ಮ ನೆರೆಮನೆಯ ಇಚ್ಚ ದುಬೈಯಿಂದ ರಜೆಯಲ್ಲಿ ಬಂದಿದ್ದರು. ಹಗ್ಗ ಬಿಗಿದ ಅವರ ಪೆಟ್ಟಿಗೆ ಬಿಚ್ಚುವಾಗ ಆಸುಪಾಸಿನ ಮಕ್ಕಳೆಲ್ಲ ಜಗಲಿಯಲ್ಲಿ ಸೇರುವುದು ವಾಡಿಕೆ. ಸೆಂಟು, ಸಾಬೂನು, ಟಾರ್ಚು ಎಲ್ಲ ಹೊರಬಂದ ಮೇಲೆ ತಳದಿಂದ ಒಂದು ರಟ್ಟು ಬಂತು. ರಟ್ಟಿಗೆ ಅಂಟಿದ ಪ್ಲಾಸ್ಟಿಕ್ ಗುಳ್ಳೆ, ಗುಳ್ಳೆಯೊಳಗೆ ಅರ್ಧ ಗೇಣಿನ ಸೂಪರ್‌ಮ್ಯಾನ್. ಅದು ನನಗೆ. ಕಾಲುಗಳೆರಡನ್ನೂ ಒಟ್ಟಿಗೆ ಒತ್ತಿದರೆ ಕೈಗಳು ಗುದ್ದಲು ಬೀಸುತ್ತಿದ್ದವು. ಅಜ್ಜಿ ಅವನ ಬೆನ್ನ ಮೇಲಿನ ಕೆಂಪು ಬಟ್ಟೆಯನ್ನು ನೋಡಿ, "ಇವನಿಗೆ ಶಾಲು ಹೊದೆಸಿದ್ದು ಯಾರು? ಸನ್ಮಾನ ಎಲ್ಲಿ ಆಯಿತು?" ಎಂದು ಕೇಳಿದರು.

ರಟ್ಟು ಅಂದು ಸಂಜೆಯೇ ಬಚ್ಚಲ ಒಲೆ ಸೇರಿತು. ಅದರ ಬೆಲೆ ಏನೆಂದು ತಿಳಿಯುವಾಗ ನನಗೆ ನಲವತ್ತು ದಾಟಿತ್ತು. ಹಳೆಯ ಆಕ್ಷನ್ ಫಿಗರ್‌ಗಳನ್ನು, ಎಂದರೆ ಕೈಕಾಲು ಆಡಿಸಬಹುದಾದ ಇಂಥ ವೀರರ ಬೊಂಬೆಗಳನ್ನು, ಸಂಗ್ರಹಿಸುವವರಲ್ಲಿ ಬೊಂಬೆಗಿಂತ ಅದರ ಬಿಚ್ಚದ ರಟ್ಟಿಗೇ ಹೆಚ್ಚು ಮರ್ಯಾದೆ. ಸುಲಿದ ತೆಂಗಿನಕಾಯಿಗಿಂತ ಸುಲಿಯದ್ದಕ್ಕೆ ಹೆಚ್ಚು ಕ್ರಯ ಕೊಡುವ ವ್ಯಾಪಾರ ಇದು. ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ.

'ಆಕ್ಷನ್ ಫಿಗರ್' ಎಂಬ ಹೆಸರಿನ ಹಿಂದೆ ಒಂದು ಸಂಕೋಚವಿದೆ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿ ಜಿ.ಐ. ಜೋ ಎಂಬ ಹನ್ನೆರಡು ಇಂಚಿನ ಸೈನಿಕನನ್ನು ಮಾರುಕಟ್ಟೆಗೆ ತಂದಿತು. ಬೊಂಬೆ ಎಂದರೆ ಗಂಡುಮಕ್ಕಳು ಮುಟ್ಟಲಾರರು ಎಂದು ಆ ಶಬ್ದವನ್ನೇ ಬಿಟ್ಟು ಹೊಸ ಹೆಸರು ಕಟ್ಟಿದರು. 1966ರಲ್ಲಿ ಐಡಿಯಲ್ ಕಂಪನಿಯ ಕ್ಯಾಪ್ಟನ್ ಆಕ್ಷನ್ ಬಂದ. ಇವನೊಬ್ಬ ಬಹುರೂಪಿ. ಮುಖವಾಡ, ಉಡುಪು ಬದಲಿಸಿದರೆ ಅವನೇ ಸೂಪರ್‌ಮ್ಯಾನ್, ಅವನೇ ಬ್ಯಾಟ್‌ಮ್ಯಾನ್, ಅವನೇ ಫ್ಯಾಂಟಮ್. ಫ್ಯಾಂಟಮ್ ನಮಗೆ ಹೊಸಬನಲ್ಲ. 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಶುರುವಾದದ್ದೇ ಅವನ ಕಥೆಗಳಿಂದ. ಪುಸ್ತಕ ನಮ್ಮ ಕೈಗೆ ಬಂದಿತ್ತು, ಬೊಂಬೆ ಬರಲಿಲ್ಲ, ಅಷ್ಟೇ.

ಸೂಪರ್‌ಹೀರೋ ಬೊಂಬೆಗಳ ನಿಜವಾದ ಸುಗ್ಗಿ 1972ರಲ್ಲಿ, ಮೆಗೊ ಎಂಬ ಕಂಪನಿಯಿಂದ. ಎಂಟು ಇಂಚಿನ ಬೊಂಬೆ, ಮೈಮೇಲೆ ನಿಜವಾದ ಬಟ್ಟೆ. ಮೊದಲು ಬಂದವರು ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ರಾಬಿನ್, ಅಕ್ವಾಮ್ಯಾನ್. ಆಮೇಲೆ ಸ್ಪೈಡರ್‌ಮ್ಯಾನ್ ಮುಂತಾದ ಎದುರು ಪಾಳಯದವರೂ, ಎಂದರೆ ಪ್ರತಿಸ್ಪರ್ಧಿ ಕಾಮಿಕ್ಸ್ ಕಂಪನಿಯ ನಾಯಕರೂ, ಸೇರಿದರು. ಮೆಗೊದ ಗುಟ್ಟು ತೀರಾ ಸರಳ: ಮೈ ಒಂದೇ, ತಲೆ ಮತ್ತು ಉಡುಪು ಮಾತ್ರ ಬೇರೆ. ನಮ್ಮ ಕಡೆ ಯಕ್ಷಗಾನದ ಬಣ್ಣದ ಮನೆ ಚೌಕಿಯೊಳಗೆ ಇಣುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ಹಚ್ಚುವ ಮೊದಲು ಎಲ್ಲರೂ ಬನಿಯನ್ ತೊಟ್ಟು ಕುಳಿತ ಮನುಷ್ಯರೇ. ಇಂದಿನ ರಾಮ ನಾಳೆಯ ಅತಿಕಾಯ. ಮೆಗೊಗೆ ಅಚ್ಚಿನ ಖರ್ಚು ಉಳಿಯಿತು, ಹೊಸ ವೇಷಕ್ಕೆ ದರ್ಜಿ ಸಾಕಾಯಿತು.

ಅದೇ ಮೆಗೊ 1976ರಲ್ಲಿ 'ಸ್ಟಾರ್ ವಾರ್ಸ್' ಚಿತ್ರದ ಬೊಂಬೆ ಮಾಡುವ ಹಕ್ಕು ಬಾಗಿಲಿಗೆ ಬಂದಾಗ ಬೇಡವೆಂದಿತು. ಕೆನ್ನರ್ ಕಂಪನಿ ತೆಗೆದುಕೊಂಡಿತು. 1977ರ ಕ್ರಿಸ್ಮಸ್ಸಿಗೆ ಅವರ ಬೊಂಬೆ ಸಿದ್ಧವಿರಲಿಲ್ಲ. ಆದರೂ ಖಾಲಿ ಪೊಟ್ಟಣದಲ್ಲಿ ಒಂದು ಚೀಟಿ ಇಟ್ಟು, ಬೊಂಬೆ ಆಮೇಲೆ ಅಂಚೆಯಲ್ಲಿ ಬರುತ್ತದೆ ಎಂದು ಮಾರಿದರು! ಬಂದ ಬೊಂಬೆಗಳು ಮೂರೂಮುಕ್ಕಾಲು ಇಂಚಿನವು, ಬಟ್ಟೆಯ ಬದಲು ಮೈಗೇ ಬಣ್ಣ. ದೊಡ್ಡ ಬೊಂಬೆಗಳ ಕಾಲ ಅಲ್ಲಿಗೆ ಇಳಿಯತೊಡಗಿತು. 1982ರಲ್ಲಿ ಮೆಗೊ ದಿವಾಳಿ ಅರ್ಜಿ ಹಾಕಿತು.

ನನ್ನ ಸೂಪರ್‌ಮ್ಯಾನ್ ಕೆನ್ನರ್‌ನವನೇ. 1984ರಿಂದ 1986ರ ವರೆಗೆ ಬಂದ 'ಸೂಪರ್ ಪವರ್ಸ್' ಸರಣಿಯವನು. ಈ ಸರಣಿಯ ಒಂದು ಸಂಗತಿ ನನಗೆ ಬಹಳ ಇಷ್ಟ. ಅಮೆರಿಕದ ಕಾಮಿಕ್ಸ್ ಚಿತ್ರಕಾರ ಜ್ಯಾಕ್ ಕರ್ಬಿ ಹಿಂದೆ ತಾನೇ ಹುಟ್ಟಿಸಿದ್ದ ಪಾತ್ರಗಳ ರೂಪವನ್ನು ಈ ಬೊಂಬೆಗಳಿಗಾಗಿ ಹೊಸದಾಗಿ ತಿದ್ದಿ ಬರೆದರು, ಅದಕ್ಕೆ ಅವರಿಗೆ ಗೌರವಧನದ ಪಾಲು ಸಿಕ್ಕಿತು. ಜೀವಮಾನವೆಲ್ಲ ಬೇರೆಯವರ ಗಲ್ಲಾಪೆಟ್ಟಿಗೆ ತುಂಬಿಸಿದ ಕೈ ಅದು.

ಭಾರತದಲ್ಲಿಯೂ ಅಚ್ಚು ತಂದು ಬೊಂಬೆ ಎರಕ ಹೊಯ್ದರು. ಲಿಯೋ ಹೆಸರಿನಲ್ಲಿ ಹೀ-ಮ್ಯಾನ್ ಬಂದ, 1987ರಲ್ಲಿ ಸ್ಥಾಪನೆಯಾದ ಫನ್‌ಸ್ಕೂಲ್‌ನಿಂದ ಜಿ.ಐ. ಜೋ ಬಂದ. ಇಲ್ಲಿಯ ಬಣ್ಣಗಳು ಮೂಲಕ್ಕಿಂತ ಬೇರೆ. ಆ ವ್ಯತ್ಯಾಸಕ್ಕಾಗಿಯೇ ವಿದೇಶದ ಸಂಗ್ರಾಹಕರು ಇಂದು ಇವುಗಳನ್ನು ಹುಡುಕುತ್ತಾರೆ.

ನಮ್ಮ ಊರಿನಲ್ಲಿ ಇವುಗಳನ್ನು ಉಳಿಸಿಕೊಳ್ಳುವುದು ಬೇರೆಯೇ ಕಥೆ. ಜೂನ್ ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ಇದು. ಮೆಗೊದ ಬಟ್ಟೆಯನ್ನು ಬಿಡುತ್ತದೆಯೇ? ಶುರುವಿನ ಮೆಗೊ ಬೊಂಬೆಗಳ ಮೊಣಕಾಲಿಗೆ ಲೋಹದ ರಿವೆಟ್ಟು. ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಕಾಲಿನ ಮೇಲೆ ಕಂದು ಕಲೆ ಬಿಡುತ್ತದೆ. ಕೈಕಾಲು ಹಿಡಿದಿಡುವ ಎಲಾಸ್ಟಿಕ್ ಸಡಿಲವಾದರೆ ಬೊಂಬೆ ಬಾಳಂತಿ ಜ್ವರ ಬಂದವರ ಹಾಗೆ ಕುಸಿಯುತ್ತದೆ. ಅಟ್ಟದಲ್ಲಂತೂ ಇಡಲೇಬಾರದು. ಹಂಚಿನ ಕೆಳಗಿನ ಸೆಕೆಗೆ, ಪಿ.ವಿ.ಸಿ.ಯನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ದ್ರವ ಹೊರಗೆ ಬಂದು ಮೈಯೆಲ್ಲ ಅಂಟಂಟಾಗುತ್ತದೆ. ಹಾಗಾದರೆ ಸಾಬೂನು ನೀರಿನಲ್ಲಿ ಮೆಲ್ಲಗೆ ತೊಳೆದು ನೆರಳಿನಲ್ಲಿ ಆರಿಸಬೇಕು. ಹೊಳಪು ಬರಲೆಂದು ತೆಂಗಿನೆಣ್ಣೆ ಹಚ್ಚಿದ ಒಬ್ಬರನ್ನು ನಾನು ಬಲ್ಲೆ. ಮರುದಿನ ಬೊಂಬೆಯ ತುಂಬ ಇರುವೆ.

ನನ್ನವನ ಶಾಲು ಎಂದೋ ತೋಡಿನಲ್ಲಿ ಹೋಗಿತ್ತು. ಈಗ ಹೆಗಲಿನಲ್ಲಿರುವುದು ಅಜ್ಜಿ ಹಳೆಯ ರವಿಕೆ ಕಣದಿಂದ ಕತ್ತರಿಸಿ ಹೊಲಿದದ್ದು. ಮೂಲದ್ದಲ್ಲದ ಭಾಗಕ್ಕೆ ಸಂಗ್ರಾಹಕರು 'ರೆಪ್ರೊ' ಎನ್ನುತ್ತಾರೆ. ಹೊಸದನ್ನು ಹಳತೆಂದು ಮಾರುವವರ ಮೇಲೆ ನನಗೂ ಸಿಟ್ಟಿದೆ. ಆದರೆ ಕಳೆದ ವರ್ಷ ಒಬ್ಬರು ನನ್ನ ಬೊಂಬೆಯನ್ನು ಕೈಯಲ್ಲಿ ಹಿಡಿದು, "ಆ ಬಟ್ಟೆ ತೆಗೆದುಬಿಡಿ, ಅಸಲಿ ಶಾಲು ನಾನು ತರಿಸಿಕೊಡುತ್ತೇನೆ" ಎಂದಾಗ ನಾನು ಚಹಾ ತರುವ ನೆಪದಲ್ಲಿ ಬೊಂಬೆಯನ್ನೂ ಒಳಗೆ ತೆಗೆದುಕೊಂಡು ಹೋದೆ.

ಈಗ ಕಾಲು ಒತ್ತಿದರೆ ಅವನ ಬಲಗೈ ಮಾತ್ರ ಬೀಸುತ್ತದೆ. ಎಡಗೈ ಅರ್ಧಕ್ಕೆ ಬಂದು ನಿಲ್ಲುತ್ತದೆ. ಎದೆಯನ್ನು ಅಂಟಿಸಿ ಮುಚ್ಚಿದ್ದಾರೆ, ತೆರೆಯಲು ಹೋದರೆ ಸೀಳಬಹುದು. ಮೊನ್ನೆ ಇಚ್ಚ ಬಂದಿದ್ದರು, ಎಂಬತ್ತರ ಹತ್ತಿರದ ವಯಸ್ಸು. ಕನ್ನಡಕ ಏರಿಸಿ, ಎರಡು ಸಲ ಒತ್ತಿ ನೋಡಿ, "ನನ್ನದೂ ಎಡದ್ದೇ" ಎಂದು ತಮ್ಮ ಭುಜ ಮುಟ್ಟಿ ತೋರಿಸಿದರು.

ನಮಸ್ಕಾರ.